ಪೋವಿಸ್ ಕೋಟೆಯ ಡೇರೆ ಮತ್ತು ನಮ್ಮ ಮನೆಗಳ ರೀಲುಗಳು

ಮಧ್ಯ ವೇಲ್ಸ್‌ನ ಪೂರ್ವದ ಅಂಚಿನಲ್ಲಿ, ಇಂಗ್ಲೆಂಡಿನ ಗಡಿಗೆ ಕೆಲವೇ ಮೈಲಿಗಳ ಅಂತರದಲ್ಲಿ, ವೆಲ್ಷ್‌ಪೂಲ್ ಎಂಬ ಪುಟ್ಟ ಪಟ್ಟಣವಿದೆ. ಅದರ ಪಕ್ಕದ ದಿಬ್ಬದ ಮೇಲೆ ನಿಂತಿರುವ ಕೆಂಗಲ್ಲಿನ ಕಟ್ಟಡವೇ ಪೋವಿಸ್ ಕೋಟೆ. ವೆಲ್ಷ್ ಜನರು ತಮ್ಮ ಭಾಷೆಯಲ್ಲಿ ಅದನ್ನು ‘ಕೆಂಪು ಕೋಟೆ’ ಎಂದೇ ಕರೆಯುತ್ತ ಬಂದಿದ್ದಾರೆ. ಮಯೂರಗಳು ಅಡ್ಡಾಡುವ ಅಂಗಳ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಉದ್ಯಾನ, ಮುಗಿಲಿನ ಆಕಾರದಲ್ಲಿ ಕತ್ತರಿಸಿದ ಯೂ ಮರಗಳ ಬೇಲಿ, ಇವನ್ನು ನೋಡಲು ಪ್ರತಿವರ್ಷವೂ ಪ್ರವಾಸಿಗರು ಬರುತ್ತಾರೆ. ಕನ್ನಡ ನಾಡಿನಿಂದ ಬಂದವರಿಗೆ ಅಲ್ಲಿ ಇನ್ನೊಂದು ಆಕರ್ಷಣೆಯೂ ಇದೆ. ಶ್ರೀರಂಗಪಟ್ಟಣದ ಪತನದ ನಂತರ ಕಡಲು ದಾಟಿ ಹೋದ ಟಿಪ್ಪು ಸುಲ್ತಾನನ ಡೇರೆ, ಅವನ ಸಿಂಹಾಸನದ ಒಂದು ಚಿನ್ನದ ಹುಲಿಮುಖ ಮತ್ತು ಹುಲಿಯ ಬಾಯುಳ್ಳ ತೋಪುಗಳು ಈ ಕೋಟೆಯಲ್ಲಿವೆ.

ಈ ಲೇಖನದಲ್ಲಿ ಎರಡು ಇತಿಹಾಸಗಳನ್ನು ಒಟ್ಟಿಗೆ ನೋಡುವ ಪ್ರಯತ್ನವಿದೆ. ನಮ್ಮ ನಾಡಿನ ವಸ್ತುಗಳು ಆ ಕೋಟೆಯನ್ನು ಸೇರಿದ ಬಗೆ ಮೊದಲನೆಯದು. ಇಪ್ಪತ್ತನೆಯ ಶತಮಾನದಲ್ಲಿ ಮಡದಿ ಮಕ್ಕಳೊಡನೆ ಇಂಥ ಕೋಟೆಗಳಿಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದ ಹವ್ಯಾಸಿ ಚಲನಚಿತ್ರ ಕೂಟಗಳ ಕಥೆ ಎರಡನೆಯದು. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆನಿಸಬಹುದು. ಆದರೆ ಎರಡರ ಹಿಂದೆಯೂ ಒಂದೇ ಪ್ರಶ್ನೆಯಿದೆ: ಕಾಲದ ಹರಿವಿನಲ್ಲಿ ಏನು ಉಳಿಯುತ್ತದೆ, ಮತ್ತು ಅದು ಯಾರ ಹೆಸರಿನಲ್ಲಿ ಉಳಿಯುತ್ತದೆ? ಹೊರನಾಡಿನಲ್ಲಿ ಬಾಳುತ್ತಿರುವ ನಮಗೆ ಈ ಪ್ರಶ್ನೆ ಇಂದು ಬಹಳ ಹತ್ತಿರದ್ದು.

ಕೋಟೆಯ ಕಥೆ

ಪೋವಿಸ್ ಕೋಟೆ ಮೂಲತಃ 13ನೆಯ ಶತಮಾನದ್ದು. ಇದನ್ನು ಕಟ್ಟಿಸಿದ ಗ್ರಿಫಿದ್ ಆಪ್ ಗ್ವೆನ್‌ವಿನ್‌ವಿನ್ ಆ ಪ್ರಾಂತದ ವೆಲ್ಷ್ ಅರಸು. ವೇಲ್ಸ್ ತನ್ನ ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರೊಡನೆ ಹೋರಾಡುತ್ತಿದ್ದ ಕಾಲದಲ್ಲಿ ಅವನು ಕೊನೆಗೆ ಇಂಗ್ಲಿಷ್ ದೊರೆಯ ಪಕ್ಷ ಸೇರಿದವನು. ಪಾಳೆಯಗಾರರ ಇತಿಹಾಸ ಬಲ್ಲ ನಮಗೆ ಇಂಥ ಪಕ್ಷಾಂತರಗಳು ಹೊಸತಲ್ಲ. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಕೋಟೆಯನ್ನು ಕೊಂಡುಕೊಂಡ ಮೇಲೆ ಅದು ಯುದ್ಧದ ನೆಲೆಯಿಂದ ಶ್ರೀಮಂತರ ವಾಸದ ಮನೆಯಾಗಿ ಬದಲಾಗುತ್ತ ಬಂದಿತು. ಇಟಲಿ ಮತ್ತು ಫ್ರಾನ್ಸಿನ ಮಾದರಿಯ ಉದ್ಯಾನಗಳು 17ನೆಯ ಶತಮಾನದ ಕೊನೆಯ ಭಾಗದಿಂದ ರೂಪುಗೊಂಡವು.

ನಮ್ಮ ಕಥೆ ಪ್ರಾರಂಭವಾಗುವುದು 1784ರ ಒಂದು ಮದುವೆಯಿಂದ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ ಆ ವರ್ಷ ಹರ್ಬರ್ಟ್ ಮನೆತನದ ಹೆನ್ರಿಯೆಟ್ಟಾಳನ್ನು ವಿವಾಹವಾದನು. ಒಂದು ಕಡೆ ಹಳೆಯ ಬಿರುದು ಮತ್ತು ಸಾಲ, ಇನ್ನೊಂದು ಕಡೆ ಬಂಗಾಳದಿಂದ ಬಂದ ಹೊಸ ಸಂಪತ್ತು. ಇವೆರಡರ ನಂಟಸ್ತಿಕೆಯಿಂದ ಕೋಟೆ ಚೇತರಿಸಿಕೊಂಡಿತು. 1801ರಲ್ಲಿ ಹೆನ್ರಿಯೆಟ್ಟಾಳ ಸೋದರ ಸಂತಾನವಿಲ್ಲದೆ ತೀರಿಕೊಂಡ ಮೇಲೆ ಆಸ್ತಿ ಅವಳ ಮಗನ ಕಡೆಗೆ ಬಂದಿತು. 1804ರಲ್ಲಿ ಎಡ್ವರ್ಡ್ ಕ್ಲೈವ್‌ಗೆ ‘ಅರ್ಲ್ ಆಫ್ ಪೋವಿಸ್’ ಎಂಬ ಪದವಿ ದೊರೆಯಿತು. ಅದಕ್ಕೂ ಮೊದಲು, 1798ರಿಂದ 1803ರವರೆಗೆ, ಅವನು ಮದರಾಸಿನ ಗವರ್ನರನಾಗಿದ್ದನು. ನಾಲ್ಕನೆಯ ಮೈಸೂರು ಯುದ್ಧ ನಡೆದದ್ದು ಇದೇ ಅವಧಿಯಲ್ಲಿ ಎಂಬುದನ್ನು ಓದುಗರು ನೆನಪಿಡಬೇಕು.

1952ರಲ್ಲಿ ಮನೆತನದ ನಾಲ್ಕನೆಯ ಅರ್ಲ್ ನಿಧನನಾದಾಗ ಕೋಟೆಯನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದನು. ಭಾರತದ ವಸ್ತುಗಳನ್ನು ಒಂದೆಡೆ ಜೋಡಿಸಿ, ‘ಕ್ಲೈವ್ ಮ್ಯೂಸಿಯಂ’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆದದ್ದು 1987ರಲ್ಲಿ.

ಶ್ರೀರಂಗಪಟ್ಟಣದಿಂದ ವೇಲ್ಸ್‌ಗೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಕಾದಾಡುತ್ತಲೇ ಮಡಿದನು. ಅವನ ಆಳ್ವಿಕೆಯ ಬಗ್ಗೆ ನಮ್ಮಲ್ಲಿ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಪಟ್ಟಣ ಕೈವಶವಾದ ರಾತ್ರಿ ಸೈನಿಕರ ಲೂಟಿ ನಡೆಯಿತು. ಅನಂತರ, ಕೊಳ್ಳೆಯನ್ನು ಪಾಲು ಮಾಡಲೆಂದೇ ನೇಮಕಗೊಂಡ ಅಧಿಕಾರಿಗಳು ಅರಮನೆಯ ಭಂಡಾರವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಟಿಪ್ಪುವಿನ ಎಂಟು ಮೂಲೆಗಳ ಹುಲಿ ಸಿಂಹಾಸನವನ್ನು ಇಡಿಯಾಗಿ ತಮ್ಮ ದೊರೆಗೆ ಕಳುಹಿಸಬೇಕೆಂಬುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಬಯಕೆಯಾಗಿತ್ತು. ಅವನ ಮಾತು ತಲುಪುವ ಮೊದಲೇ ಸಿಂಹಾಸನವನ್ನು ಪಾಲಿಗಾಗಿ ಒಡೆದು ತುಂಡುಮಾಡಲಾಗಿತ್ತು.

ಅದರ ದೊಡ್ಡ ಹುಲಿಯ ತಲೆ ಮತ್ತು ರತ್ನಖಚಿತವಾದ ಹುಮಾ ಪಕ್ಷಿ ಬ್ರಿಟಿಷ್ ರಾಜಮನೆತನದ ಸಂಗ್ರಹವನ್ನು ಸೇರಿದವು. ಕಟಾಂಜನದ ಮೇಲೆ ಕೂರಿಸಿದ್ದ ಎಂಟು ಸಣ್ಣ ಹುಲಿಮುಖಗಳು ದಿಕ್ಕಿಗೊಂದಾಗಿ ಚದರಿದವು. ಅವುಗಳಲ್ಲಿ ಒಂದು ಕ್ಲೈವ್ ದಂಪತಿಗಳ ಕೈಸೇರಿ ಪೋವಿಸ್‌ಗೆ ಬಂದಿತು. ಮುಷ್ಟಿಯಲ್ಲಿ ಹಿಡಿಯಬಹುದಾದ ಆ ಮುಖಕ್ಕೆ ಚಿನ್ನದ ತಗಡು ಹೊದಿಸಿ ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಕೂರಿಸಿದ್ದಾರೆ. ಇಂಥದೇ ಇನ್ನೊಂದು ಹುಲಿಮುಖಕ್ಕೆ 2021ರಲ್ಲಿ 15 ಲಕ್ಷ ಪೌಂಡುಗಳ ಬೆಲೆ ಕಟ್ಟಿ, ಅದು ದೇಶದಿಂದ ಹೊರಗೆ ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆಯಾಜ್ಞೆ ಹೊರಡಿಸಿತು. ಮೈಸೂರಿನ ಅಕ್ಕಸಾಲಿಗರ ಕೈಕೆಲಸವು ಬ್ರಿಟನ್ನಿನ ರಾಷ್ಟ್ರೀಯ ಆಸ್ತಿಯೆಂದು ಪರಿಗಣಿತವಾದದ್ದು ಇತಿಹಾಸದ ವಿಚಿತ್ರ ತಿರುವುಗಳಲ್ಲೊಂದು.

ಇನ್ನು ಡೇರೆಯ ವಿಷಯ. ಅದು ಬಣ್ಣದ ಅಚ್ಚಿನ ಹತ್ತಿ ಬಟ್ಟೆಯದು. ಬಿಳಿಯ ನೆಲದ ಮೇಲೆ ಹೂದಾನಿ, ಅದರಿಂದ ಎರಡೂ ಬದಿಗೆ ಸಮನಾಗಿ ಚಾಚಿದ ಕೆಂಪು ಹೂಗಳು, ಹಸಿರು ಎಲೆಗಳು. ಬಟ್ಟೆ 18ನೆಯ ಶತಮಾನದ ಎರಡನೆಯ ಪಾದದ್ದೆಂದು, ಅಂದರೆ 1725 ಮತ್ತು 1750ರ ನಡುವಿನದೆಂದು ತಜ್ಞರು ಗುರುತಿಸಿದ್ದಾರೆ. ಟಿಪ್ಪುವಿನ ಪಾಳೆಯಕ್ಕೆ ಬರುವ ವೇಳೆಗಾಗಲೇ ಅದು ಅವನಿಗಿಂತಲೂ ಹಿರಿಯ ವಸ್ತುವಾಗಿತ್ತು. ಪೋವಿಸ್‌ನಲ್ಲಿ ಇದನ್ನು ತೋಟದ ಔತಣಕೂಟಗಳಲ್ಲಿ ಚಪ್ಪರದಂತೆ ಬಳಸುತ್ತಿದ್ದರು. ರಣರಂಗದಲ್ಲಿ ಸುಲ್ತಾನನಿಗೆ ನೆರಳಾಗಿದ್ದ ಬಟ್ಟೆ, ವೇಲ್ಸ್‌ನ ಹುಲ್ಲುಹಾಸಿನ ಮೇಲೆ ಚಹಾ ಕುಡಿಯುವವರನ್ನು ಮಳೆಹನಿಯಿಂದ ಕಾಯಿತು! 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಭಾರತೀಯ ಬಟ್ಟೆಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದಾಗ ಈ ಡೇರೆಯೂ ಅಲ್ಲಿ ನಿಂತಿತ್ತು.

1800ರ ಒಂದು ಕುಟುಂಬ ಪ್ರವಾಸ

ಪೋವಿಸ್‌ಗೂ ಕನ್ನಡ ನಾಡಿಗೂ ಇರುವ ನಂಟು ಕೊಳ್ಳೆಯ ವಸ್ತುಗಳಿಗಷ್ಟೇ ಸೀಮಿತವಲ್ಲ. 1800ನೆಯ ಇಸವಿಯಲ್ಲಿ, ಯುದ್ಧ ಮುಗಿದು ವರ್ಷ ತುಂಬುವ ಮೊದಲೇ, ಲೇಡಿ ಹೆನ್ರಿಯೆಟ್ಟಾ ಕ್ಲೈವ್ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಮದರಾಸಿನಿಂದ ಹೊರಟಳು. ಗವರ್ನರನಾದ ಗಂಡ ರಾಜಧಾನಿಯಲ್ಲಿಯೇ ಉಳಿದನು. ಮಕ್ಕಳ ಶಿಕ್ಷಕಿಯಾಗಿದ್ದ ಅನ್ನಾ ತೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿ ಜೊತೆಗಿದ್ದಳು. ನೂರಾರು ಜನರ ಪರಿವಾರ, ಆನೆಗಳು, ಎತ್ತಿನ ಬಂಡಿಗಳು. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಕಂಡು, ಕೊಯಮತ್ತೂರು, ತಂಜಾವೂರುಗಳ ಮಾರ್ಗವಾಗಿ ಸಾವಿರ ಮೈಲಿಗಳಿಗೂ ಹೆಚ್ಚು ದೂರ ಕ್ರಮಿಸಿ, ಏಳು ತಿಂಗಳ ನಂತರ ಅವರು ಮದರಾಸಿಗೆ ಮರಳಿದರು.

ಈ ಪ್ರವಾಸವು ನಮಗೆ ತಿಳಿದಿರುವುದು ಹೇಗೆ? ಹೆನ್ರಿಯೆಟ್ಟಾ ಪತ್ರಗಳನ್ನೂ ದಿನಚರಿಯನ್ನೂ ಬರೆದಳು. 12 ವರ್ಷದ ಕಿರಿಯ ಮಗಳು ಶಾರ್ಲೆಟ್ ತಾನೂ ಒಂದು ದಿನಚರಿಯನ್ನಿಟ್ಟಳು. ತೊನೆಲ್ಲಿ ಚಿತ್ರಗಳನ್ನು ಬರೆದಳು. ಸಿಂಹಾಸನಾರೂಢನಾದ ಟಿಪ್ಪುವಿನ ಅವಳ ಚಿತ್ರ ಇಂದಿಗೂ ಪೋವಿಸ್‌ನಲ್ಲಿದೆ. ಅವಳು ಅದನ್ನು ಬರೆಯುವಾಗ ಟಿಪ್ಪುವೂ ಇರಲಿಲ್ಲ, ಸಿಂಹಾಸನವೂ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಈ ಮಹಿಳೆಯರು ಟಿಪ್ಪುವಿನ ಅಂತಃಪುರದ ಹೆಂಗಸರನ್ನು ಭೇಟಿ ಮಾಡಿದರು. ಗಂಡಸರ ಸೈನಿಕ ವರದಿಗಳಲ್ಲಿ ಸಿಗದ ಅನೇಕ ವಿವರಗಳು ಈ ಮನೆಮಂದಿಯ ಬರಹಗಳಲ್ಲಿ ಸಿಗುತ್ತವೆ. ಈ ಪತ್ರ, ದಿನಚರಿಗಳನ್ನು ಆಧರಿಸಿದ ಪುಸ್ತಕವೊಂದು 2009ರಲ್ಲಿ ಪ್ರಕಟವಾಯಿತು. ಶಾರ್ಲೆಟ್ ಮುಂದೆ ರಾಜಕುಮಾರಿ ವಿಕ್ಟೋರಿಯಾಳ ಶಿಕ್ಷಣದ ಮೇಲ್ವಿಚಾರಕಿಯಾದಳು. ನಮ್ಮಲ್ಲಿ ಹಲವರು ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಕಿತ್ತಳೆ ಬಣ್ಣದ ‘ಕ್ಲೈವಿಯಾ’ ಹೂವಿಗೆ ಬಂದಿರುವುದು ಅವಳ ತವರಿನ ಹೆಸರು.

ಒಂದು ಕುಟುಂಬವು ತಾನು ಕಂಡದ್ದನ್ನು ಕಂಡಂತೆ ಬರೆದಿಟ್ಟರೆ ಎರಡು ಶತಮಾನಗಳ ನಂತರ ಅದೇ ಇತಿಹಾಸದ ಆಕರವಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. ಆದರೆ ಅಂದು ಹೀಗೆ ಬರೆದಿಡಲು ಬಿಡುವು, ಅಕ್ಷರ, ಸಂಪತ್ತು ಮೂರೂ ಬೇಕಿತ್ತು. ಆ ಎತ್ತುಗಳನ್ನು ಹೊಡೆದವರು, ಡೇರೆಯ ಗೂಟ ಬಡಿದವರು ತಮ್ಮ ದಿನಚರಿಯನ್ನು ಬಿಟ್ಟುಹೋಗಲಿಲ್ಲ.

ಹವ್ಯಾಸಿಗಳ ಕ್ಯಾಮೆರಾ

ಸಾಮಾನ್ಯ ಕುಟುಂಬಗಳಿಗೆ ಚಲಿಸುವ ಚಿತ್ರದ ಮೂಲಕ ತಮ್ಮ ದಿನಚರಿ ಇಡುವ ಅವಕಾಶ ಒದಗಿದ್ದು 1920ರ ದಶಕದಲ್ಲಿ. ಅಲ್ಲಿಯವರೆಗೆ ಚಲನಚಿತ್ರವೆಂದರೆ 35 ಮಿಲಿಮೀಟರ್ ಅಗಲದ, ಬೇಗನೆ ಬೆಂಕಿ ಹತ್ತಿಕೊಳ್ಳುವ, ದುಬಾರಿ ಫಿಲ್ಮು. ಫ್ರಾನ್ಸಿನ ಪಾಥೆ ಕಂಪನಿಯ 9.5 ಮಿ.ಮೀ. ಫಿಲ್ಮು 1922ರಲ್ಲಿಯೂ ಅಮೆರಿಕದ ಕೊಡ್ಯಾಕ್ ಕಂಪನಿಯ 16 ಮಿ.ಮೀ. ಫಿಲ್ಮು 1923ರಲ್ಲಿಯೂ ಬಂದವು. ಇವು ಸುಲಭವಾಗಿ ಉರಿಯದ ಫಿಲ್ಮುಗಳು. ಇನ್ನೂ ಅಗ್ಗದ 8 ಮಿ.ಮೀ. ಫಿಲ್ಮು 1932ರಲ್ಲಿ, ‘ಸೂಪರ್ 8’ ಎಂಬ ಸುಧಾರಿತ ರೂಪ 1965ರಲ್ಲಿ ಮಾರುಕಟ್ಟೆಗೆ ಬಂದವು.

ಮನೆಯ ಚಿತ್ರಗಳು ಅಗ್ಗವಾಗಲು ಒಂದು ತಾಂತ್ರಿಕ ಕಾರಣವಿತ್ತು. ಕ್ಯಾಮೆರಾದೊಳಗೆ ಓಡಿದ ಫಿಲ್ಮನ್ನೇ ಸಂಸ್ಕರಿಸಿ ಪರದೆಯ ಮೇಲೆ ತೋರಿಸಬಹುದಾದ ಚಿತ್ರವನ್ನಾಗಿ ಮಾಡುತ್ತಿದ್ದರು. ಪ್ರತ್ಯೇಕ ನೆಗೆಟಿವ್ ಇರುತ್ತಿರಲಿಲ್ಲ. ಇದರಿಂದ ಖರ್ಚು ಉಳಿಯಿತು. ಆದರೆ ಪ್ರತಿಯೊಂದು ರೀಲೂ ಜಗತ್ತಿನಲ್ಲಿ ಒಂದೇ ಒಂದು ಪ್ರತಿಯಾಗಿ ಉಳಿಯಿತು. ಅದು ಹಾಳಾದರೆ ಇನ್ನೊಂದಿಲ್ಲ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಕ್ಯಾಮೆರಾ ಕೈಗೆ ಬಂದೊಡನೆ ಕೂಟಗಳೂ ಹುಟ್ಟಿಕೊಂಡವು. ಅಮೆರಿಕದಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ 1926ರಲ್ಲಿ ‘ಅಮೆಚೂರ್ ಸಿನಿಮಾ ಲೀಗ್’ ಸ್ಥಾಪಿಸಿದರು. ಹವ್ಯಾಸಿ ರೇಡಿಯೋ ಸಂಘಟನೆಯನ್ನು ಕಟ್ಟಿದವರೂ ಅವರೇ. ಬ್ರಿಟನ್ನಿನಲ್ಲಿ 1932ರಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ಸಿನೆಮಟೋಗ್ರಾಫರ್ಸ್’ ಪ್ರಾರಂಭವಾಯಿತು. 1934ರಿಂದ ಹವ್ಯಾಸಿಗಳಿಗೆಂದೇ ‘ಅಮೆಚೂರ್ ಸಿನಿ ವರ್ಲ್ಡ್’ ಎಂಬ ಪತ್ರಿಕೆ ಹೊರಬಂದಿತು. ಹೊಟ್ಟೆಪಾಡಿಗೆ ಬೇರೊಂದು ಉದ್ಯೋಗ, ಸಂಜೆಗೆ ಕಲೆ ಎಂಬ ಈ ಬಗೆಯ ಬದುಕು, ಕೈಲಾಸಂ ಕಾಲದಿಂದ ಹವ್ಯಾಸಿ ರಂಗಭೂಮಿಯನ್ನು ಕಂಡ ಕನ್ನಡಿಗರಿಗೆ ಪರಿಚಿತವಾದದ್ದೇ. ಈ ಕೂಟಗಳ ವರ್ಷಕ್ಕೆ ಒಂದು ಕ್ರಮವಿತ್ತು. ಚಳಿಗಾಲದಲ್ಲಿ ಕತ್ತಲೆ ಕೋಣೆಯಲ್ಲಿ ಚಿತ್ರ ಪ್ರದರ್ಶನ, ವಿಮರ್ಶೆ, ಸ್ಪರ್ಧೆ. ಬೇಸಿಗೆಯಲ್ಲಿ ಹೊರಾಂಗಣ ಚಿತ್ರೀಕರಣ ಮತ್ತು ಕುಟುಂಬ ವಿಹಾರ. ವಿಹಾರಕ್ಕೆ ಕೋಟೆಗಿಂತ ಒಳ್ಳೆಯ ಜಾಗ ಯಾವುದು? ಹಿರಿಯರಿಗೆ ಇತಿಹಾಸ, ಮಕ್ಕಳಿಗೆ ಓಡಾಟ, ಕ್ಯಾಮೆರಾಕ್ಕೆ ಬೆಳಕು ನೆರಳಿನ ಆಟ, ಎಲ್ಲವೂ ಒಂದೇ ಕಡೆ ಸಿಗುತ್ತಿದ್ದವು.

ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳೂ ಇಂಥ ಚಿತ್ರಗಳನ್ನು ತೆಗೆದವು. ಅವುಗಳ ಒಂದು ದೊಡ್ಡ ಸಂಗ್ರಹವು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿದೆ. ಸಾಹೇಬರ ಮಗುವಿನ ಹುಟ್ಟುಹಬ್ಬ, ಬಂಗಲೆಯ ತೋಟ, ಶಿಬಿರ, ಶಿಕಾರಿ. ಅಂಥ ಚಿತ್ರಗಳ ಅಂಚಿನಲ್ಲಿ ಆಯಾ, ಮಾಲಿ, ಅಡುಗೆಯವರು ಕ್ಷಣಕಾಲ ಕಾಣಿಸಿ ಮರೆಯಾಗುತ್ತಾರೆ. ಮಗುವಿನ ಹೆಸರು ರೀಲಿನ ಡಬ್ಬಿಯ ಮೇಲೆ ಉಳಿದಿರುತ್ತದೆ. ಅದನ್ನು ಎತ್ತಿಕೊಂಡ ಆಯಾಳ ಹೆಸರು ಉಳಿಯುವುದು ಬಹು ಅಪರೂಪ.

1993ರ ಬೇಸಿಗೆಯ ವಿಹಾರ

ಈ ಹಿನ್ನೆಲೆಯಲ್ಲಿ, ನಮ್ಮ ಊರಿನ ಹವ್ಯಾಸಿ ಚಲನಚಿತ್ರ ಕೂಟವು 1993ರ ಬೇಸಿಗೆಯಲ್ಲಿ ಪೋವಿಸ್‌ಗೆ ಕೈಗೊಂಡ ಕುಟುಂಬ ವಿಹಾರವನ್ನು ಇಲ್ಲಿ ದಾಖಲಿಸುವುದು ಅನುಚಿತವಾಗಲಾರದು. ಸದಸ್ಯರಲ್ಲಿ ನಿವೃತ್ತ ಉಪಾಧ್ಯಾಯರು, ಅಂಚೆ ನೌಕರರು, ವೈದ್ಯರು ಹೀಗೆ ನಾನಾ ವೃತ್ತಿಯವರಿದ್ದರು. ಕನ್ನಡ ಕುಟುಂಬಗಳು ಎರಡು. ಹಿರಿಯ ಸದಸ್ಯರು ಸೂಪರ್ 8 ಕ್ಯಾಮೆರಾ ಬಿಟ್ಟುಕೊಡದವರು; ಕಿರಿಯರ ಹೆಗಲಲ್ಲಿ ಆಗ ಹೊಸತಾಗಿದ್ದ ವಿಡಿಯೋ ಕ್ಯಾಮೆರಾಗಳು. 50 ಅಡಿಯ ಸೂಪರ್ 8 ಕಾರ್ಟ್ರಿಡ್ಜ್ ಓಡುವುದು ಕೇವಲ 3 ನಿಮಿಷ 20 ಸೆಕೆಂಡು. ಆದ್ದರಿಂದ ಹಿರಿಯರು ಒಂದು ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸುತ್ತಿದ್ದರು. ವಿಡಿಯೋದವರಿಗೆ ಆ ಚಿಂತೆಯಿರಲಿಲ್ಲ.

ಎಲ್ಲರಿಗೂ ಒಂದೇ ದಿನ, ಒಂದೇ ಕೋಟೆ. ಯಾರು ಏನನ್ನು ತೆಗೆಯುತ್ತಾರೆಂಬುದನ್ನು ಚಳಿಗಾಲದಲ್ಲಿ ನೋಡೋಣವೆಂಬುದು ಕೂಟದ ಕಟ್ಟಳೆ. ಕೆಲವರು ಯೂ ಮರದ ಬೇಲಿಯ ಕೆಳಗೆ ನಿಂತರು. ಕೆಲವರು ಮಯೂರದ ಹಿಂದೆ ಅಲೆದರು. ಒಂದಿಬ್ಬರು ಮಕ್ಕಳನ್ನು ಕರೆದುಕೊಂಡು ವೆಲ್ಷ್‌ಪೂಲ್‌ನ ಪುಟ್ಟ ಹಬೆ ರೈಲನ್ನು ಚಿತ್ರಿಸಲು ಹೋದರು. 1956ರಲ್ಲಿ ಮುಚ್ಚಿಹೋಗಿದ್ದ ಆ ರೈಲುಮಾರ್ಗವನ್ನು 1963ರಲ್ಲಿ ಮತ್ತೆ ಓಡಿಸಿದವರೂ ಹವ್ಯಾಸಿಗಳೇ. ಮಧ್ಯಾಹ್ನ ಹುಲ್ಲಿನ ಮೇಲೆ ಸ್ಯಾಂಡ್‌ವಿಚ್ಚು, ಪುಳಿಯೋಗರೆ, ಮೊಸರನ್ನ, ಚಕ್ಕುಲಿಗಳ ಸಹಭೋಜನ ನಡೆಯಿತು.

ಕೋಟೆಯ ಒಳಗೆ ಚಿತ್ರ ತೆಗೆಯಲು ನಮಗೆ ಅವಕಾಶವಿರಲಿಲ್ಲ. ಹೀಗಾಗಿ ಡೇರೆಯಾಗಲಿ ಹುಲಿಮುಖವಾಗಲಿ ಯಾವ ಕ್ಯಾಮೆರಾದಲ್ಲೂ ಸೇರಲಿಲ್ಲ. ಆದರೆ ಕನ್ನಡ ಕುಟುಂಬವೊಂದರ ಜೊತೆ, ಊರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯವರಿದ್ದರು. ಅವರ ತವರು ಮೇಲುಕೋಟೆಯ ಕಡೆಯದು; ಮನೆಯಲ್ಲಿ ಮಗ್ಗವಿತ್ತು. ಮ್ಯೂಸಿಯಂ ನೋಡಿ ಹೊರಬಂದು ಉದ್ಯಾನದ ಕಲ್ಲುಕಟ್ಟೆಯ ಮೇಲೆ ಕುಳಿತಾಗ ಮೊಮ್ಮಗ ವಿಡಿಯೋ ಕ್ಯಾಮೆರಾ ತಿರುಗಿಸಿ, “ಅಜ್ಜಿ, ಏನ್ ನೋಡಿದ್ರಿ ಹೇಳಿ” ಎಂದನು.

“ನಮ್ಮ ಕಡೇದೇ ಕಣಪ್ಪ ಅದು. ಇಷ್ಟ್ ದೂರ ಹೆಂಗ್ ಹೊತ್ಕೊಂಡ್ ಬಂದ್ರೋ ಕಾಣೆ,” ಎಂದು ಅಜ್ಜಿಯವರು ಶುರುಮಾಡಿದರು. ತಾವು ಚಿಕ್ಕವರಿದ್ದಾಗ ಗಾಡಿ ಕಟ್ಟಿಕೊಂಡು ಪಟ್ಟಣದ ಜಾತ್ರೆಗೆ ಬಂದದ್ದು, ದರಿಯಾ ದೌಲತ್ತಿನ ಗೋಡೆಯ ಯುದ್ಧದ ಚಿತ್ರಗಳನ್ನು ನೋಡಿ ಹೆದರಿದ್ದು, ಹೊರಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದು, ಹೀಗೆ ಮಾತು ಹರಿಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನನ್ನು ಕೇಳಿದರು: “ಅಲ್ಲಿ ಚೀಟಿ ಹಾಕಿದ್ರಲ್ಲ, ಅದ್ರಲ್ಲಿ ಸುಲ್ತಾನನ ಹೆಸರೈತೆ, ದೊರೆ ಹೆಸರೈತೆ ಅಂದೆ. ನೇಯ್ದೋರ್ದು ಇಲ್ವಾ?”

“ಇಲ್ಲಮ್ಮ,” ಎಂದರು ಮಗ.

“ಯಾರೋ ಒಬ್ರು ಬರ್ಕೊಂಡಿದ್ರೆ ಆಗಿತ್ತು,” ಎಂದು ಅಜ್ಜಿಯವರು ಎದ್ದರು. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಒಟ್ಟು 12 ನಿಮಿಷ.

ಚಳಿಗಾಲದ ಪ್ರದರ್ಶನದಲ್ಲಿ ಅತ್ಯುತ್ತಮವೆನಿಸಿಕೊಂಡದ್ದು ಮಯೂರದ ಚಿತ್ರ. ಅದಕ್ಕೆ ಅದು ಅರ್ಹವೂ ಆಗಿತ್ತು. ಗರಿಬಿಚ್ಚುವ ಆ ದೃಶ್ಯಕ್ಕೆ ಕೂಟದ ಹಿರಿಯರೊಬ್ಬರು ಒಂದೂವರೆ ಗಂಟೆ ಕಾದಿದ್ದರು. ಅಜ್ಜಿಯವರ ಮಾತು ಕನ್ನಡದಲ್ಲಿದ್ದುದರಿಂದ ಅದನ್ನು ಸ್ಪರ್ಧೆಗೆ ಇಟ್ಟಿರಲಿಲ್ಲ.

ರೀಲಿನ ಆಯುಸ್ಸು

ಆ ಅಜ್ಜಿಯವರು ಇಂದಿಲ್ಲ. ಅವರ ದನಿ ಇರುವ ಏಕೈಕ ದಾಖಲೆ ಆ ಟೇಪು. ಮೂವತ್ತು ವರ್ಷಗಳ ನಂತರ ಮೊಮ್ಮಗ ಅದನ್ನು ಹುಡುಕಿ ತೆಗೆದಾಗ, ಓಡಿಸುವ ಯಂತ್ರವೇ ಮನೆಯಲ್ಲಿರಲಿಲ್ಲ. ತಜ್ಞರೊಬ್ಬರಿಂದ ಡಿಜಿಟಲ್ ಪ್ರತಿ ಮಾಡಿಸಿದಾಗ 12 ನಿಮಿಷಗಳಲ್ಲಿ ಸ್ಪಷ್ಟವಾಗಿ ದೊರೆತದ್ದು ಸುಮಾರು ಐದು. ಅದೃಷ್ಟವಶಾತ್ ಕೊನೆಯ ಪ್ರಶ್ನೆ ಉಳಿದಿದೆ. ಅದೇ ದಿನದ ಸೂಪರ್ 8 ಮಯೂರವೋ ಇಂದಿಗೂ ಹೊಸ ಬಣ್ಣದಲ್ಲಿ ಗರಿಬಿಚ್ಚುತ್ತದೆ, ಆದರೆ ಮೂಕವಾಗಿ.

ಇದಕ್ಕೆ ವೈಜ್ಞಾನಿಕ ಕಾರಣಗಳಿವೆ. ವಿಡಿಯೋ ಟೇಪಿನಲ್ಲಿ ಚಿತ್ರವಿರುವುದು ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಅಯಸ್ಕಾಂತೀಯ ಕಣಗಳಲ್ಲಿ. ಕಾಲಕ್ರಮದಲ್ಲಿ ಅಂಟು ಸಡಿಲವಾಗುತ್ತದೆ, ಕಣಗಳು ಉದುರುತ್ತವೆ. ಫಿಲ್ಮಿನ ರೋಗ ಬೇರೆ. ಸೆಖೆ ಮತ್ತು ತೇವದಲ್ಲಿಟ್ಟ ಅಸಿಟೇಟ್ ಫಿಲ್ಮು ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಆ ರೀಲು ಸಾಯತೊಡಗಿದೆಯೆಂದು ತಿಳಿಯಬೇಕು. ಅದು ಕುಗ್ಗಿ, ಸುರುಟಿಕೊಂಡು, ಕೊನೆಗೆ ಓಡಿಸಲಾಗದಂತಾಗುತ್ತದೆ. ಈ ರೋಗಕ್ಕೆ ಮದ್ದಿಲ್ಲ. ತಣ್ಣಗಿನ ಒಣ ಜಾಗದಲ್ಲಿಟ್ಟು ನಿಧಾನಗೊಳಿಸಬಹುದು ಅಷ್ಟೆ. ಬಣ್ಣದ ದೃಷ್ಟಿಯಿಂದ ಕೊಡಾಕ್ರೋಮ್ ಫಿಲ್ಮು ಕತ್ತಲೆಯಲ್ಲಿಟ್ಟರೆ ಬಹಳ ಬಾಳುವಂಥದು. ಆದರೆ ಅದನ್ನು ಸಂಸ್ಕರಿಸುತ್ತಿದ್ದ ಕಡೆಯ ಪ್ರಯೋಗಾಲಯವೂ 2010ರ ಡಿಸೆಂಬರ್ 30ಕ್ಕೆ ಆ ಫಿಲ್ಮನ್ನು ಸ್ವೀಕರಿಸುವುದನ್ನು ನಿಲ್ಲಿಸಿತು.

ಹವ್ಯಾಸಿ ಚಿತ್ರಗಳನ್ನು ಒಂದು ಕಾಲಕ್ಕೆ ಯಾರೂ ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಆ ದೃಷ್ಟಿ ಈಗ ಬದಲಾಗಿದೆ. ಬ್ರಿಟನ್ನಿನಲ್ಲಿ 1976ರಲ್ಲಿ ಪ್ರಾರಂಭವಾದ ಈಸ್ಟ್ ಆಂಗ್ಲಿಯನ್ ಫಿಲ್ಮ್ ಆರ್ಕೈವ್, ವೇಲ್ಸ್‌ನ ಆಬರಿಸ್ಟ್ವಿತ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯದ ಚಲನಚಿತ್ರ ಮತ್ತು ಧ್ವನಿ ಸಂಗ್ರಹ ಮುಂತಾದವು ಮನೆಯ ರೀಲುಗಳನ್ನು ಆದರದಿಂದ ಕಾಪಾಡುತ್ತವೆ. 2003ರಿಂದ ಹಲವು ದೇಶಗಳಲ್ಲಿ ‘ಹೋಮ್ ಮೂವಿ ಡೇ’ ಆಚರಿಸುತ್ತಿದ್ದಾರೆ. ಜನರು ತಮ್ಮ ಮನೆಯ ರೀಲುಗಳನ್ನು ತಂದು ತಜ್ಞರಿಗೆ ತೋರಿಸುತ್ತಾರೆ, ಎಲ್ಲರೂ ಕೂಡಿ ನೋಡುತ್ತಾರೆ. ಅಮೆರಿಕದಲ್ಲಿ 2008ರಲ್ಲಿ ಸ್ಥಾಪಿತವಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್, ವಲಸೆ ಬಂದ ದಕ್ಷಿಣ ಏಷ್ಯಾದ ಕುಟುಂಬಗಳ ಚಿತ್ರ, ಪತ್ರ, ಧ್ವನಿಗಳನ್ನು ಸಂಗ್ರಹಿಸುತ್ತಿದೆ. ಕೋಟೆಗಳೂ ತಮ್ಮ ಚೀಟಿಗಳನ್ನು ಮತ್ತೆ ಓದಿಕೊಳ್ಳತೊಡಗಿವೆ. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ ಆಸ್ತಿಗಳಿಗೂ ವಸಾಹತುಶಾಹಿಗೂ ಇದ್ದ ಸಂಬಂಧದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ 93 ಸ್ಥಳಗಳ ಹೆಸರಿತ್ತು. ಪೋವಿಸ್ ಅವುಗಳಲ್ಲೊಂದು.

ನಮ್ಮ ಪಾಲಿನ ಕೆಲಸ

1960 ಮತ್ತು 70ರ ದಶಕಗಳಲ್ಲಿ ಕಡಲಾಚೆಗೆ ಬಂದ ಕನ್ನಡಿಗರಲ್ಲಿ ಅನೇಕರು ಮೊದಲ ಸಂಬಳ ಕೈಸೇರಿದೊಡನೆ ಕೊಂಡ ವಸ್ತುಗಳಲ್ಲಿ ಸಿನಿ ಕ್ಯಾಮೆರಾ ಒಂದು. ಬಾಡಿಗೆ ಮನೆಯ ಮುಂದಿನ ಮೊದಲ ಹಿಮ, ಸೀರೆಯ ಮೇಲೆ ಓವರ್‌ಕೋಟು ತೊಟ್ಟ ಅಮ್ಮ, ಸಮುದಾಯ ಭವನದಲ್ಲಿ ನಡೆದ ಯುಗಾದಿ, ಅಲ್ಲಿ ಹಾರ್ಮೋನಿಯಂ ಹಿಡಿದು ಕುಳಿತವರು, ಪರದೆ ಎಳೆದವರು. ಈ ಸಮ್ಮೇಳನಗಳ ಹಿಂದಿನ ಚರಿತ್ರೆ ಆ ರೀಲುಗಳಲ್ಲಿದೆ. ನಮ್ಮ ಸಂಘಗಳ ನಡಾವಳಿ ಪುಸ್ತಕಗಳಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ ಹೆಸರುಗಳು ಸಿಗುತ್ತವೆ. ಇನ್ನೂರು ಜನರಿಗೆ ಬಿಸಿಬೇಳೆಭಾತು ಮಾಡಿ ಬಡಿಸಿದ ತಾಯಂದಿರ ಹೆಸರು ಅಲ್ಲಿ ಸಿಗುವುದಿಲ್ಲ. ಅವರ ಮುಖಗಳು ರೀಲಿನಲ್ಲಿವೆ. ಗುರುತಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಅನುಕೂಲ ಬಹುಕಾಲ ಇರುವಂಥದಲ್ಲ.

ಆದ್ದರಿಂದ ಪ್ರತಿನಿಧಿ ಬಂಧುಗಳಲ್ಲಿ ಕೆಲವು ವಿನಂತಿಗಳು. ಅಟ್ಟದಲ್ಲಿಯೋ ನೆಲಮಾಳಿಗೆಯಲ್ಲಿಯೋ ಇರುವ ರೀಲು, ಟೇಪುಗಳನ್ನು ಕೆಳಗಿಳಿಸಿ, ತಣ್ಣಗಿರುವ ಒಣ ಕಪಾಟಿಗೆ ಸಾಗಿಸಿರಿ. ಹಳೆಯ ಪ್ರೊಜೆಕ್ಟರಿನಲ್ಲಿ ಒಮ್ಮೆಲೇ ಓಡಿಸಬೇಡಿರಿ. ಕುಗ್ಗಿದ ಫಿಲ್ಮು ಹರಿದುಹೋಗುತ್ತದೆ. ಟೇಪುಗಳಿಗೆ ಮೊದಲ ಆದ್ಯತೆ ಕೊಟ್ಟು ಬಲ್ಲವರಿಂದ ಡಿಜಿಟಲ್ ಪ್ರತಿ ಮಾಡಿಸಿ, ಎರಡು ಪ್ರತ್ಯೇಕ ಕಡೆ ಇಡಿರಿ. ಪ್ರತಿ ಮಾಡಿಸಿದ ಮೇಲೂ ಮೂಲ ರೀಲನ್ನು ಎಸೆಯಬಾರದು. ಸಂಘಗಳು ತಮ್ಮ ಪ್ರದೇಶದ ಚಲನಚಿತ್ರ ಸಂಗ್ರಹಾಲಯದೊಡನೆ ಪತ್ರ ವ್ಯವಹಾರ ಮಾಡಿ, ಕನ್ನಡ ಕುಟುಂಬಗಳ ಚಿತ್ರಗಳಿಗೆ ಅಲ್ಲಿ ಸ್ಥಳ ದೊರಕಿಸುವುದು ಸಾಧ್ಯ.

ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಯಂತ್ರ ಬೇಡ, ಹಣವೂ ಬೇಡ. ಒಂದು ಪೆನ್ಸಿಲು ಸಾಕು. ಇಸವಿ, ಊರು, ಸಂದರ್ಭ, ಚಿತ್ರದಲ್ಲಿರುವವರ ಹೆಸರು, ಅವರ ತವರೂರು, ಆಡುತ್ತಿರುವ ಮಾತು ಯಾವ ಕಡೆಯದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗಿಡಬೇಕು. ಅಡುಗೆ ಮಾಡಿದವರನ್ನೂ ಪರದೆ ಎಳೆದವರನ್ನೂ ಬಿಡಬಾರದು. ಗೊತ್ತಿಲ್ಲದ ಮುಖವಿದ್ದರೆ ಈ ಸಮ್ಮೇಳನದ ಊಟದ ಪಂಕ್ತಿಯಲ್ಲಿಯೇ ಹಿರಿಯರೊಬ್ಬರನ್ನು ಕೇಳಬಹುದು. ಬಲ್ಲವರೆಲ್ಲ ಒಂದೇ ಸೂರಿನಡಿ ಸೇರುವುದು ಎರಡು ವರ್ಷಕ್ಕೊಮ್ಮೆ ಮಾತ್ರ.

ಪೋವಿಸ್‌ನ ಡೇರೆಯನ್ನು ನೇಯ್ದ ಕೈಗಳ ಹೆಸರನ್ನು ಈಗ ಯಾರಿಂದಲೂ ಬರೆಯಲಾಗದು. ನಮ್ಮ ರೀಲುಗಳ ವಿಷಯದಲ್ಲಿ ಅದು ಇಂದಿಗೂ ಸಾಧ್ಯವಿದೆ.